ಮದ್ಯವ್ಯಸನವೂ ಸಹವ್ಯಸನಿಗಳ ಸಭೆಯೂ

ರೋಗವೊಂದು ಗುಣವಾಯಿತೆಂದು ನಾವು ಯಾವಾಗ ಹೇಳುತ್ತೇವೆ? ವಿಷಮಶೀತ ಜ್ವರವಾದರೆ, ಮೈಯ ಕಾವಿಳಿದು, ರಕ್ತಪರೀಕ್ಷೆ ಸರಿಯಾಗಿ ಬಂದು, ರೋಗಿಯು ಮನೆಗೆ ನಡೆದನೆಂದರೆ ಮುಗಿಯಿತು. ಮುರಿದ ಮೂಳೆಯಾದರೆ, ಅದು ಕೂಡಿಕೊಂಡಿತೆಂದರೆ ಮುಗಿಯಿತು. ಮದ್ಯವ್ಯಸನದ ವಿಷಯ ಹಾಗಲ್ಲ. ನಂಜನಗೂಡಿನ ಕಾರ್ಖಾನೆಯ ಕೆಲಸಗಾರನೊಬ್ಬನೋ ತಿರುಮಕೂಡಲು ನರಸೀಪುರದ ಭತ್ತದ ಬೆಳೆಗಾರನೊಬ್ಬನೋ ಮೈಸೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿ, ಕೈನಡುಕ ನಿಂತು, ನಿದ್ರೆ ಬಂದು, ಹಸಿವು ಹುಟ್ಟಿ, ಇನ್ನು ಮುಟ್ಟುವುದಿಲ್ಲವೆಂದು ಹೆಂಡತಿಯ ಕೈಮೇಲೆ ಕೈಯಿಟ್ಟು ಹೇಳಿ ಬಸ್ಸು ಹತ್ತಿದನೆಂದು ಭಾವಿಸೋಣ. ಅವನ ಚಿಕಿತ್ಸೆಯಲ್ಲಿ ಸುಲಭವಾದ ಭಾಗ ಮಾತ್ರ ಮುಗಿದಿದೆ. ಕಠಿನವಾದ ಭಾಗವು ಹನ್ನೊಂದನೆಯ ದಿನ, ಅವನು ತನ್ನ ಊರಿನ ನಿಲ್ದಾಣದಲ್ಲಿ ಇಳಿದು, ಹಳೆಯ ಗೆಳೆಯರ ಎದುರಿಗೆ ಬಂದಾಗ ಆರಂಭವಾಗುತ್ತದೆ.

ಆ ಹನ್ನೊಂದನೆಯ ದಿನಕ್ಕಾಗಿ ಜಗತ್ತಿನಲ್ಲಿ ತೊಂಬತ್ತು ವರ್ಷಗಳಿಂದ ಬಳಕೆಯಲ್ಲಿರುವ ಉಪಾಯವೊಂದುಂಟು. ಅದಕ್ಕೆ ಯಂತ್ರ ಬೇಡ, ಔಷಧ ಬೇಡ, ಶುಲ್ಕವೂ ಇಲ್ಲ. ಕುಡಿತವನ್ನು ಬಿಟ್ಟವರೂ ಬಿಡಬೇಕೆನ್ನುವವರೂ ಗೊತ್ತಾದ ದಿನ, ಗೊತ್ತಾದ ಸ್ಥಳದಲ್ಲಿ ಒಟ್ಟಿಗೆ ಕುಳಿತು ಮಾತನಾಡುವುದೇ ಆ ಉಪಾಯ. ಕೇವಲ ಮಾತಿನಿಂದ ಏನಾದೀತು ಎಂಬ ಸಂದೇಹ ವಿಜ್ಞಾನದ ವಿದ್ಯಾರ್ಥಿಗೆ ಹುಟ್ಟುವುದು ಸಹಜ, ಹುಟ್ಟಲೂಬೇಕು. ಆ ಸಂದೇಹವನ್ನೇ ಹಿಡಿದು ಈ ವಿಷಯವನ್ನು ವಿಚಾರಿಸೋಣ.

ಇದು ದೂರದವರ ವಿಷಯವೂ ಅಲ್ಲ. ಭಾರತ ಸರ್ಕಾರವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನರು ಮದ್ಯವನ್ನು ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಅದರಿಂದ ಹಾನಿಯಾಗುತ್ತಿದೆ, ಅಥವಾ ಅವರು ಅದಕ್ಕೆ ಅಧೀನರಾಗಿದ್ದಾರೆ. ಅಧೀನರಾದವರಲ್ಲಿ ಯಾವುದಾದರೊಂದು ನೆರವು ದೊರೆತದ್ದು 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಉಳಿದ 37 ಮಂದಿಗೂ ಮನೆಗಳುಂಟು; ಆ ಮನೆಗಳಲ್ಲಿ ಶಾಲೆ ಕಾಲೇಜುಗಳಿಗೆ ಹೋಗುವ ಮಕ್ಕಳುಂಟು. ಈ ಪುಟವನ್ನು ಓದುತ್ತಿರುವವರಲ್ಲಿಯೂ ಅಂಥವರು ಕೆಲವರಿರುತ್ತಾರೆ.

ದೇಹದಲ್ಲಿ ಮದ್ಯಸಾರದ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ಅಂಗಡಿಗಳಲ್ಲಿ ಮಾರುವ 180 ಮಿಲಿಲೀಟರಿನ ಒಂದು ಪೊಟ್ಟಣ ಬ್ರಾಂದಿಯಲ್ಲಿ ಗಾತ್ರದ ಲೆಕ್ಕದಲ್ಲಿ ಶೇಕಡ 42.8 ಭಾಗ ಮದ್ಯಸಾರವಿರುತ್ತದೆ. ಎಂದರೆ 77 ಮಿಲಿಲೀಟರು. ಮದ್ಯಸಾರದ ಸಾಂದ್ರತೆ 0.79 ಆದುದರಿಂದ ಅದರ ತೂಕ ಸುಮಾರು 61 ಗ್ರಾಂ. ಇದನ್ನು ಮುಖ್ಯವಾಗಿ ಯಕೃತ್ತಿನ ಕಿಣ್ವಗಳು ವಿಭಜಿಸುತ್ತವೆ. ಸಾಧಾರಣ ಮೈಕಟ್ಟಿನ ಮನುಷ್ಯನಲ್ಲಿ ಈ ಕೆಲಸದ ವೇಗ ಗಂಟೆಗೆ ಸುಮಾರು 8 ಗ್ರಾಂ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಸ್ವಲ್ಪ ಹೆಚ್ಚು ಕಡಿಮೆಯಾಗುವುದುಂಟು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಿಕಿರಣಪಟು ವಸ್ತುವು ಕ್ಷಯಿಸುವಾಗ, ಇರುವ ಪರಮಾಣುಗಳು ಹೆಚ್ಚಾಗಿದ್ದಷ್ಟೂ ಕ್ಷಣಕ್ಷಣಕ್ಕೆ ಕ್ಷಯಿಸುವ ಪರಮಾಣುಗಳೂ ಹೆಚ್ಚು. ಆದಕಾರಣವೇ ಅದಕ್ಕೆ ನಿಶ್ಚಿತವಾದ ಅರ್ಧಾಯು ಉಂಟು. ಮದ್ಯಸಾರ ಹಾಗೆ ಕರಗುವುದಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯ ದಿನ ರೈಲು ನಿಲ್ದಾಣದಲ್ಲಿ ಒಂದೇ ಒಂದು ಚೀಟಿಯ ಕಿಂಡಿ ತೆರೆದಿದ್ದರೆ, ಸಾಲು ಎಷ್ಟು ಉದ್ದವಾದರೂ ಚೀಟಿ ಕೊಡುವ ವೇಗ ಹೆಚ್ಚುವುದಿಲ್ಲವಷ್ಟೆ. ಯಕೃತ್ತಿನ ಕಿಣ್ವವೂ ಹಾಗೆಯೇ. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಎರಡು ಪೊಟ್ಟಣಗಳನ್ನು ಕುಡಿದು ಮುಗಿಸಿದವನ ಮೈಯಲ್ಲಿ 122 ಗ್ರಾಂ ಸೇರಿದರೆ, ಬೆಳಗ್ಗೆ ಎಂಟು ಗಂಟೆಗೆ ಕರಗಿರುವುದು ಸುಮಾರು 80 ಗ್ರಾಂ ಮಾತ್ರ. ಸ್ನಾನ ಮಾಡಿ, ಕಾಫಿ ಕುಡಿದು, ಕೆಲಸಕ್ಕೆ ಹೊರಟವನ ದೇಹದಲ್ಲಿ ಇನ್ನೂ 42 ಗ್ರಾಂ ಉಳಿದಿರುತ್ತದೆ. ಕಾಫಿಯಿಂದಾಗಲಿ, ಮಜ್ಜಿಗೆಯಿಂದಾಗಲಿ, ತಣ್ಣೀರಿನಿಂದಾಗಲಿ ಕಿಂಡಿಯ ವೇಗ ಹೆಚ್ಚುವುದಿಲ್ಲ.

ಮಿದುಳೆಂಬ ತಕ್ಕಡಿ

ದೇಹದಿಂದ ಮದ್ಯಸಾರ ಒಂದೆರಡು ದಿನಗಳಲ್ಲಿ ಪೂರ್ತಿಯಾಗಿ ಹೊರಟುಹೋಗುವುದಾದರೆ, ಬಿಡುವುದು ಏಕೆ ಕಷ್ಟ? ಉತ್ತರವು ಮಿದುಳಿನಲ್ಲಿದೆ. ನರಕೋಶಗಳನ್ನು ಉದ್ರೇಕಿಸುವ ರಾಸಾಯನಿಕಗಳೂ ಶಮನಗೊಳಿಸುವ ರಾಸಾಯನಿಕಗಳೂ ಮಿದುಳಿನಲ್ಲಿ ತಕ್ಕಡಿಯ ಎರಡು ತಟ್ಟೆಗಳಂತೆ ಸಮತೂಕದಲ್ಲಿರುತ್ತವೆ. ಮದ್ಯವು ಶಮನದ ತಟ್ಟೆಯನ್ನು ಒತ್ತುತ್ತದೆ. ದಿನದಿನವೂ ಹೀಗೆ ಒತ್ತಿದರೆ ಮಿದುಳು ಸುಮ್ಮನಿರುವುದಿಲ್ಲ. ಉದ್ರೇಕದ ತಟ್ಟೆಗೆ ತಾನೇ ತೂಕವನ್ನು ಸೇರಿಸಿಕೊಂಡು ಸಮತೋಲವನ್ನು ಮರಳಿ ಪಡೆಯುತ್ತದೆ. ಹಿಂದೆ ಒಂದು ಲೋಟಕ್ಕೆ ತೂಕಡಿಸುತ್ತಿದ್ದವನಿಗೆ ಈಗ ಮೂರು ಲೋಟವೂ ಸಾಲದೆ ಹೋಗುವುದು ಇದರಿಂದಲೇ.

ಇಂಥ ಮನುಷ್ಯನು ಥಟ್ಟನೆ ಕುಡಿತವನ್ನು ನಿಲ್ಲಿಸಿದರೆ ಒಂದು ತಟ್ಟೆಯ ಭಾರ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ; ಇನ್ನೊಂದರಲ್ಲಿ ಸೇರಿಸಿದ ತೂಕ ಹಾಗೆಯೇ ಉಳಿಯುತ್ತದೆ. ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ ತೋರುತ್ತವೆ. ಒಂದೆರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂಥ ಸೆಳವು ಬರುವುದುಂಟು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣಿಸಿ, ಇಲ್ಲದ್ದು ಕೇಳಿಸಿ, ಭ್ರಾಂತಿಯುಂಟಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಕ್ಕೇ ಅಪಾಯ. ಹಳ್ಳಿಗಳಲ್ಲಿ ಇದನ್ನು ಗಾಳಿಸೋಕೆಂದು ತಿಳಿದು ಹೊತ್ತು ಕಳೆಯುವುದು ಘಾತಕವಾದೀತು.

ಆದುದರಿಂದ ಮೊದಲ ನಿಯಮವಿದು: ದೀರ್ಘಕಾಲ, ಪ್ರತಿದಿನ, ಹೆಚ್ಚಾಗಿ ಕುಡಿಯುತ್ತಿದ್ದವನು ವೈದ್ಯರ ಸಲಹೆಯಿಲ್ಲದೆ ಒಮ್ಮೆಗೇ ನಿಲ್ಲಿಸಬಾರದು, ಮನೆಯವರು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬಾರದು. ಮೊದಲು ಆಸ್ಪತ್ರೆ, ಅನಂತರ ಸಭೆ. ಸಭೆಯು ವೈದ್ಯಕ್ಕೆ ಬದಲಿಯಲ್ಲ. ವೈದ್ಯನ ಕೆಲಸ ಮುಗಿದ ಕಡೆ ಅದರ ಕೆಲಸ ತೊಡಗುತ್ತದೆ.

ಇಳಿಯುವ ರೇಖೆ

ವ್ಯಸನವನ್ನು ಬಿಟ್ಟವರು ಎಷ್ಟು ಕಾಲ ಬಿಟ್ಟಿರುತ್ತಾರೆ? ಅಮೆರಿಕದ ಹಂಟ್ ಮತ್ತು ಅವರ ಸಂಗಡಿಗರು 1971ರಲ್ಲಿ ಮದ್ಯ, ತಂಬಾಕು, ಹೆರಾಯಿನ್ ಈ ಮೂರರ ಚಿಕಿತ್ಸೆಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ಒಂದು ನಕ್ಷೆ ಬರೆದರು. ಅಡ್ಡಲಾಗಿ ತಿಂಗಳುಗಳು, ಮೇಲಕ್ಕೆ, ಇನ್ನೂ ಬಿಟ್ಟಿರುವವರ ಪ್ರಮಾಣ. ಮೂರು ರೇಖೆಗಳೂ ಅಚ್ಚರಿಯಾಗುವಷ್ಟು ಒಂದೇ ಬಗೆಯಾಗಿದ್ದವು. ಮೊದಲ ಮೂರು ತಿಂಗಳಲ್ಲಿಯೇ ಸುಮಾರು ಮೂರರಲ್ಲಿ ಎರಡು ಪಾಲು ಜನ ಹಿಂದಿನ ಅಭ್ಯಾಸಕ್ಕೆ ಮರಳಿದ್ದರು.

ಭೌತಶಾಸ್ತ್ರ ಓದಿದವರಿಗೆ ಈ ರೇಖೆಯನ್ನು ನೋಡಿದೊಡನೆ ವಿಕಿರಣ ಕ್ಷಯದ ನೆನಪಾಗುತ್ತದೆ. ಹಾಗಿದ್ದರೆ ಲೆಕ್ಕ ಹಾಕಿ ನೋಡೋಣ. ಮೂರು ತಿಂಗಳಿಗೆ ಮೂರನೆಯ ಒಂದು ಭಾಗ ಉಳಿಯುವುದಾದರೆ, ಆರು ತಿಂಗಳಿಗೆ ಒಂಬತ್ತನೆಯ ಒಂದು ಭಾಗ, ಒಂಬತ್ತು ತಿಂಗಳಿಗೆ 27ನೆಯ ಒಂದು ಭಾಗ, ವರ್ಷಕ್ಕೆ 81ನೆಯ ಒಂದು ಭಾಗ ಮಾತ್ರ ಉಳಿಯಬೇಕು. ವಸ್ತುಸ್ಥಿತಿ ಹಾಗಿರಲಿಲ್ಲ. ಮೊದಲು ಕಡಿದಾಗಿ ಇಳಿದ ರೇಖೆಯು ಅನಂತರ ಬಾಗಿ ಬಹುಮಟ್ಟಿಗೆ ಸಮತಟ್ಟಾಯಿತು. ವರ್ಷದ ಕೊನೆಗೆ ಉಳಿದವರು ಈ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚಾಗಿದ್ದರು.

ಇದರ ಅರ್ಥವೇನು? ಪರಮಾಣುವಿಗೆ ವಯಸ್ಸಿಲ್ಲ. ಇಂದು ಕ್ಷಯಿಸದೆ ಉಳಿದ ಪರಮಾಣುವಿಗೆ ನಾಳೆಯ ಅಪಾಯ ಇಂದಿನಷ್ಟೇ. ಕುಡಿತ ಬಿಟ್ಟವರ ಗುಂಪಿನಲ್ಲಿಯಾದರೋ ದಿನ ಕಳೆದಷ್ಟೂ ಅಪಾಯ ತಗ್ಗುತ್ತದೆ. ತಕ್ಕಡಿಯ ಹೆಚ್ಚಿನ ತೂಕ ಮೆಲ್ಲಮೆಲ್ಲನೆ ಇಳಿಯುತ್ತದೆ. ಸಂಜೆ ಆರು ಗಂಟೆಯನ್ನು ಕಳೆಯುವ ಬೇರೆ ದಾರಿಗಳು ರೂಢಿಯಾಗುತ್ತವೆ.

ಆದರೆ ಎಚ್ಚರದಿಂದಿರಬೇಕು. ರೇಖೆ ಬಾಗುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಬೇಗ ಕ್ಷಯಿಸುವ ಒಂದು ವಸ್ತುವನ್ನೂ ನಿಧಾನವಾಗಿ ಕ್ಷಯಿಸುವ ಇನ್ನೊಂದು ವಸ್ತುವನ್ನೂ ಬೆರೆಸಿಟ್ಟರೆ, ಆ ಮಿಶ್ರಣದ ರೇಖೆಯೂ ಹೀಗೆಯೇ ಬಾಗುತ್ತದೆ. ಮೊದಲಿನಿಂದಲೇ ಹೆಚ್ಚು ಅಪಾಯದಲ್ಲಿದ್ದವರು ಬೇಗ ಜಾರಿಹೋಗಿ, ಕಡಿಮೆ ಅಪಾಯದವರು ಮಾತ್ರ ಉಳಿದಿರಬಹುದು. ಎರಡು ಕಾರಣಗಳೂ ಕೂಡಿರುವುದೇ ಸಂಭವ. ಹೇಗಾದರೂ ಒಂದು ಮಾತು ನಿಶ್ಚಯ: ಆಸರೆ ಅತಿ ಹೆಚ್ಚಾಗಿ ಬೇಕಾಗುವುದು ಮೊದಲ ತೊಂಬತ್ತು ದಿನಗಳಲ್ಲಿ. ತೊಂಬತ್ತು ದಿನಗಳಲ್ಲಿ ತೊಂಬತ್ತು ಸಭೆ ಎಂದು ಅನುಭವಸ್ಥರು ಹೊಸಬರಿಗೆ ಹೇಳುವ ರೂಢಿ ಈ ನಕ್ಷೆಗೆ ಚೆನ್ನಾಗಿ ಹೊಂದುತ್ತದೆ.

ಆಕ್ರನ್ನಿನಲ್ಲಿ ಇಬ್ಬರು

ಇಂಥ ಸಭೆಗಳು ಆರಂಭವಾದ ಬಗೆಯನ್ನು ತಿಳಿಯುವುದು ಉಪಯುಕ್ತ. ನ್ಯೂಯಾರ್ಕಿನ ಷೇರು ವ್ಯಾಪಾರದ ಬಿಲ್ ವಿಲ್ಸನ್ ಎಂಬಾತ 1934ರ ಡಿಸೆಂಬರಿನಲ್ಲಿ ಕುಡಿತವನ್ನು ಬಿಟ್ಟಿದ್ದ. ಆಮೇಲೆ ಐದು ತಿಂಗಳು ಕಂಡಕಂಡ ಕುಡುಕರಿಗೆಲ್ಲ ಬಿಡಿರೆಂದು ಬೋಧಿಸಿದ. ಒಬ್ಬನೂ ಬಿಡಲಿಲ್ಲ, ಆದರೆ ಆ ಐದು ತಿಂಗಳೂ ತಾನು ಮಾತ್ರ ಕುಡಿಯಲಿಲ್ಲ. 1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಓಹಾಯೋ ಸಂಸ್ಥಾನದ ಆಕ್ರನ್ ನಗರಕ್ಕೆ ಹೋದಾಗ ವ್ಯವಹಾರ ಕೆಟ್ಟಿತು. ಪರಸ್ಥಳ, ಕೈಯಲ್ಲಿ ಹಣವಿಲ್ಲ, ಹೋಟೆಲಿನ ಪಡಸಾಲೆಯ ಒಂದು ಕೊನೆಯಲ್ಲಿ ಪಾನಗೃಹ. ಅವನು ಅಲ್ಲಿಗೆ ಹೋಗದೆ ಟೆಲಿಫೋನಿನ ಬಳಿಗೆ ಹೋಗಿ, ಊರಿನ ಪಾದ್ರಿಗಳಿಗೆ ಕರೆ ಮಾಡಿ, ಮಾತನಾಡಲು ತನಗೊಬ್ಬ ಕುಡುಕ ಬೇಕೆಂದು ಕೇಳಿದ. ಹಾಗೆ ದೊರೆತವನು ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯ. ಹದಿನೈದು ನಿಮಿಷ ಮಾತ್ರವೆಂದು ಒಪ್ಪಿ ಬಂದ ವೈದ್ಯ ಆರು ಗಂಟೆಗೂ ಮೇಲೆ ಕುಳಿತ. ವಿಲ್ಸನ್ ಈ ಬಾರಿ ಬೋಧಿಸಲಿಲ್ಲ. ತನ್ನ ಕತೆಯನ್ನು ಹೇಳಿಕೊಂಡ. ಸ್ಮಿತ್ ಕೊನೆಯ ಬಾರಿ ಕುಡಿದದ್ದು 1935ರ ಜೂನ್ 10ರಂದು. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಎಂದರೆ ಅನಾಮಧೇಯ ಮದ್ಯವ್ಯಸನಿಗಳ ಕೂಟ, ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಸಂಕ್ಷೇಪವಾಗಿ ಇದನ್ನು ಎ.ಎ. ಎನ್ನುತ್ತಾರೆ. ಭಾರತಕ್ಕೆ ಇದು ಬಂದದ್ದು 1957ರಲ್ಲಿ.

ಈ ವೃತ್ತಾಂತದ ತಿರುಳನ್ನು ಮರೆಯಬಾರದು. ಟೆಲಿಫೋನು ಮಾಡಿದವನು ಇನ್ನೊಬ್ಬನನ್ನು ಉದ್ಧರಿಸುವುದಕ್ಕಾಗಿ ಮಾಡಲಿಲ್ಲ. ತಾನು ಕುಡಿಯದೆ ಇರುವುದಕ್ಕಾಗಿ ಮಾಡಿದ. ನೆರವು ಕೊಡುವವನಿಗೂ ಅದರಿಂದ ನೆರವಾಗುತ್ತದೆಂಬುದೇ ಈ ಸಭೆಗಳ ಮೂಲತತ್ತ್ವ. ವೈದ್ಯನು ರೋಗಿಗೆ ಔಷಧ ಕೊಟ್ಟರೆ ಗುಣವಾಗುವುದು ರೋಗಿಗೆ ಮಾತ್ರ. ಇಲ್ಲಿ ಕೊಡುವವನೂ ರೋಗಿ, ಪಡೆಯುವವನೂ ರೋಗಿ. ಔಷಧ ಇಬ್ಬರಿಗೂ ಹತ್ತುತ್ತದೆ.

ಸಭೆಯಲ್ಲಿ ನಡೆಯುವುದೇನು?

ಸಭೆಯೆಂದರೆ ವೇದಿಕೆ, ಹಾರ, ಭಾಷಣಗಳನ್ನು ಕಲ್ಪಿಸಿಕೊಳ್ಳಬಾರದು. ಒಂದು ಸಾಧಾರಣ ಕೊಠಡಿ. ಐದಾರರಿಂದ ಇಪ್ಪತ್ತು ಮೂವತ್ತು ಜನ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಒಬ್ಬರಾದ ಮೇಲೆ ಒಬ್ಬರು ತಮ್ಮ ಹೆಸರನ್ನು ಮಾತ್ರ ಹೇಳಿ, ತಮಗೆ ಆದದ್ದನ್ನೂ ಈ ವಾರ ನಡೆದದ್ದನ್ನೂ ಹೇಳಿಕೊಳ್ಳುತ್ತಾರೆ. ನಡುವೆ ಯಾರೂ ತಡೆಯುವುದಿಲ್ಲ, ತೀರ್ಪು ಕೊಡುವುದಿಲ್ಲ. ಮಾತನಾಡಲು ಇಷ್ಟವಿಲ್ಲದವರು ಸುಮ್ಮನೆ ಕುಳಿತು ಕೇಳಬಹುದು. ಮನೆತನ, ಜಾತಿ, ಉದ್ಯೋಗಗಳನ್ನು ಕೇಳುವುದಿಲ್ಲ. ಅಲ್ಲಿ ಕಂಡವರನ್ನೂ ಕೇಳಿದ್ದನ್ನೂ ಹೊರಗೆ ಹೇಳುವಂತಿಲ್ಲ. ಪ್ರವೇಶಕ್ಕೆ ಶುಲ್ಕವಿಲ್ಲ, ಕೊಠಡಿಯ ಬಾಡಿಗೆಗೂ ಚಹಾಕ್ಕೂ ಸದಸ್ಯರು ಕೈಲಾದದ್ದನ್ನು ಹಾಕುತ್ತಾರೆ, ಹೊರಗಿನವರಿಂದ ದಾನ ಪಡೆಯುವುದಿಲ್ಲ. ಸದಸ್ಯನಾಗಲು ಬೇಕಾದ ಅರ್ಹತೆ ಒಂದೇ: ಕುಡಿತವನ್ನು ಬಿಡಬೇಕೆಂಬ ಇಚ್ಛೆ. ಬಿಟ್ಟೇ ಬರಬೇಕೆಂಬ ನಿಯಮವಿಲ್ಲ. ಜಾರಿದವನು ಮರಳಿ ಬಂದರೆ ಬಾಗಿಲು ಮುಚ್ಚಿರುವುದಿಲ್ಲ.

ಸಭೆಗಳಲ್ಲಿ ಎರಡು ಬಗೆ. ಮುಚ್ಚಿದ ಸಭೆಯು ವ್ಯಸನವುಳ್ಳವರಿಗೆ ಮಾತ್ರ. ತೆರೆದ ಸಭೆಗೆ ಮನೆಯವರೂ ವಿದ್ಯಾರ್ಥಿಗಳೂ ಆಸಕ್ತರೂ ಹೋಗಿ ಕುಳಿತು ನೋಡಬಹುದು. ಹನ್ನೆರಡು ಮೆಟ್ಟಿಲುಗಳೆಂಬ ಇವರ ಕ್ರಮದಲ್ಲಿ ದೇವರ ಮಾತು ಬರುತ್ತದೆ. ಆದರೆ ಅದನ್ನು ಅವರವರು ತಿಳಿದಂತೆ ಇಟ್ಟುಕೊಳ್ಳಬಹುದೆಂದು ಬಿಟ್ಟಿದ್ದಾರೆ. ಅದೂ ಒಗ್ಗದವರಿಗೆ ಬೇರೆ ಬಗೆಯ ಗುಂಪುಗಳುಂಟು.

ಫಲವುಂಟೆ?

ಸಭೆಗೆ ಹೋಗುವವರು ಹೆಚ್ಚು ಕಾಲ ಕುಡಿಯದೆ ಇರುತ್ತಾರೆಂದು ಕಂಡರೆ ಸಾಲದು. ಬಿಡಬೇಕೆಂಬ ಹಟವಿರುವವರೇ ಸಭೆಗೆ ಹೋಗುತ್ತಿರಬಹುದಲ್ಲವೆ? ಆಗ ಫಲಕ್ಕೆ ಕಾರಣ ಹಟ, ಸಭೆಯಲ್ಲ. ಈ ಗಂಟನ್ನು ಬಿಡಿಸಲು ವಿಜ್ಞಾನಿಗಳು ನಾಣ್ಯ ಚಿಮ್ಮುವ ಉಪಾಯವನ್ನು ಬಳಸುತ್ತಾರೆ. ಚಿಕಿತ್ಸೆಗೆ ಬಂದವರನ್ನು ಅವರ ಇಷ್ಟವನ್ನು ಕೇಳದೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದನ್ನು ಸಭೆಗಳ ದಾರಿಗೆ ಹಚ್ಚಿ, ಇನ್ನೊಂದಕ್ಕೆ ಬೇರೆ ಚಿಕಿತ್ಸೆ ಕೊಡುತ್ತಾರೆ. ಹಟದವರು ಎರಡು ಗುಂಪಿಗೂ ಸಮನಾಗಿ ಹಂಚಿಹೋಗುವುದರಿಂದ, ಕೊನೆಯಲ್ಲಿ ಕಾಣುವ ವ್ಯತ್ಯಾಸ ಸಭೆಯದೇ ಆಗಿರಬೇಕು.

ಕೆಲಿ, ಹಂಫ್ರೀಸ್, ಫೆರಿ ಎಂಬ ಮೂವರು ಸಂಶೋಧಕರು 2020ರಲ್ಲಿ ಇಂಥ ಪ್ರಯೋಗಗಳೂ ಸೇರಿದಂತೆ 27 ಅಧ್ಯಯನಗಳನ್ನು, ಎಂದರೆ ಒಟ್ಟು 10,565 ಜನರ ವಿವರವನ್ನು, ಕಾಕ್ರೇನ್ ಸಂಸ್ಥೆಯ ಪರವಾಗಿ ಪರಿಶೀಲಿಸಿದರು. ವೈದ್ಯರು ಕ್ರಮಬದ್ಧವಾಗಿ ಎ.ಎ. ಸಭೆಗಳ ದಾರಿಗೆ ಹಚ್ಚಿದವರಲ್ಲಿ ವರ್ಷವಾದ ಮೇಲೆ ಪೂರ್ತಿಯಾಗಿ ಬಿಟ್ಟಿದ್ದವರು ನೂರಕ್ಕೆ 42 ಮಂದಿ. ಮಾನಸಿಕ ಚಿಕಿತ್ಸೆಯೇ ಮೊದಲಾದ ಬೇರೆ ಉತ್ತಮ ಕ್ರಮಗಳಲ್ಲಿದ್ದವರಲ್ಲಿ 35 ಮಂದಿ. ಈ ಅಂಕಿಗಳನ್ನು ಹಿಗ್ಗಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು. ನೂರರಲ್ಲಿ 58 ಮಂದಿಗೆ ಆ ವರ್ಷ ಪೂರ್ಣ ಯಶಸ್ಸು ದೊರೆಯಲಿಲ್ಲ. ಆದರೆ ಸಂಬಳವಿಲ್ಲದ ಜನರು ನಡೆಸುವ, ಕಾಸು ಖರ್ಚಿಲ್ಲದ ಸಭೆಯು, ತರಬೇತಾದ ಚಿಕಿತ್ಸಕರ ಕ್ರಮಕ್ಕೆ ಸಮನಾಗಿ, ಇನ್ನೂ ಸ್ವಲ್ಪ ಮೇಲಾಗಿಯೇ ನಿಂತಿತು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಮೊದಲಾದ ಔಷಧಗಳನ್ನು ವೈದ್ಯರ ಅಪ್ಪಣೆಯಂತೆ ತೆಗೆದುಕೊಳ್ಳುತ್ತಲೇ ಸಭೆಗೂ ಹೋಗಬಹುದು, ಒಂದಕ್ಕೊಂದು ಅಡ್ಡಿಯಲ್ಲ.

ವಿಳಾಸ ಕೊಟ್ಟರೆ ಸಾಲದು

ಇನ್ನೊಂದು ಸಣ್ಣ ಪ್ರಯೋಗವಂತೂ ನಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸಿಸನ್ ಮತ್ತು ಮ್ಯಾಲಮ್ಸ್ ಎಂಬವರು ಅದನ್ನು 1981ರಲ್ಲಿ ಪ್ರಕಟಿಸಿದರು. ಭಾಗವಹಿಸಿದವರು ಇಪ್ಪತ್ತೇ ಜನ. ಅರ್ಧ ಜನಕ್ಕೆ ಸಭೆಯ ಸ್ಥಳ, ದಿನ, ವೇಳೆಗಳನ್ನು ತಿಳಿಸಿ, ಹೋಗಿರೆಂದು ಹೇಳಿದರು. ಇನ್ನರ್ಧ ಜನಕ್ಕೆ ಅಲ್ಲಿಯೇ, ಆಗಲೇ ಗುಂಪಿನ ಸದಸ್ಯನೊಬ್ಬನಿಗೆ ಟೆಲಿಫೋನು ಮಾಡಿಸಿ ಮಾತನಾಡಿಸಿದರು. ಆ ಸದಸ್ಯನು ತಾನೇ ಬಂದು ಕರೆದುಕೊಂಡು ಹೋಗುವೆನೆಂದ. ಮೊದಲನೆಯ ಗುಂಪಿನಲ್ಲಿ ಒಬ್ಬರೂ ಹೋಗಲಿಲ್ಲ. ಎರಡನೆಯದರಲ್ಲಿ ಎಲ್ಲರೂ ಹೋದರು. ಇಪ್ಪತ್ತು ಜನರ ಪ್ರಯೋಗದಿಂದ ಸೂಕ್ಷ್ಮವಾದ ಅಂಕಿಗಳನ್ನು ನಿರೀಕ್ಷಿಸಲಾಗದು. ಆದರೆ ಸೊನ್ನೆಗೂ ಪೂರ್ಣಕ್ಕೂ ಇರುವ ಅಂತರ ಸಣ್ಣದಲ್ಲ. ಚೀಟಿಯಲ್ಲಿ ವಿಳಾಸ ಬರೆದುಕೊಟ್ಟವನಿಗಿಂತ ಜೊತೆಯಲ್ಲಿ ಹೆಜ್ಜೆ ಹಾಕಿದವನು ಹೆಚ್ಚು ಉಪಕಾರಿ.

ಹಾಲಾಹಲವನ್ನು ಕುಡಿದವನೇ ನಂಜುಂಡ. ಕುಡಿದ ವಿಷವು ಒಳಗಿಳಿಯದಂತೆ ಪಾರ್ವತಿಯು ಅವನ ಕಂಠವನ್ನು ಹಿಡಿದಳೆಂದು ನಮ್ಮ ಅಜ್ಜಿಯರು ಕತೆ ಹೇಳುತ್ತಾರೆ. ವಿಷ ನಿಂತದ್ದು ಇನ್ನೊಬ್ಬರ ಕೈಯಿಂದ ಎಂಬ ತಿಳಿವಳಿಕೆ ನಂಜನಗೂಡಿನವರಿಗೆ ಹೊಸದಲ್ಲ.

ನಮ್ಮ ಎರಡು ತಾಲ್ಲೂಕುಗಳಲ್ಲಿ

ಈಗ ಹುಡುಕುವ ಬಗೆಯನ್ನು ನೋಡೋಣ. ಮೈಸೂರಿನಿಂದ ನಂಜನಗೂಡು ಸುಮಾರು 25 ಕಿಲೋಮೀಟರು, ತಿರುಮಕೂಡಲು ನರಸೀಪುರ ಸುಮಾರು 30 ಕಿಲೋಮೀಟರು.

ಮೊದಲನೆಯ ಹೆಜ್ಜೆ ತಾಲ್ಲೂಕು ಆಸ್ಪತ್ರೆ. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ಏರ್ಪಾಟಿದೆ. ಹೊರಡುವ ಮುನ್ನ ಆ ವಾರದ ವೈದ್ಯರ ಬರವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು ಮೇಲು. ಒಳರೋಗಿಯಾಗಿ ಸೇರಬೇಕಾದರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೂ ಜೆ.ಎಸ್.ಎಸ್. ಆಸ್ಪತ್ರೆಯಲ್ಲಿಯೂ ಮನೋವೈದ್ಯ ವಿಭಾಗಗಳಿವೆ. ಕಠಿನವಾದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಆಸ್ಪತ್ರೆಯಿಂದ ಹೊರಡುವ ದಿನ, ಸಭೆ ಎಲ್ಲಿದೆಯೆಂದು ಕೇಳಿದರೆ ಸಾಲದು. ಅಲ್ಲಿಂದಲೇ ಗುಂಪಿನ ಸದಸ್ಯರೊಬ್ಬರೊಡನೆ ಟೆಲಿಫೋನಿನಲ್ಲಿ ಮಾತನಾಡಿಸಿರೆಂದು ಕೇಳಬೇಕು. 1981ರ ಪ್ರಯೋಗದ ಪಾಠವೇ ಇದು.

ಎರಡನೆಯದು ಎ.ಎ. ಗುಂಪುಗಳು. ಮೈಸೂರು ನಗರದಲ್ಲಿ ಇವುಗಳ ಸಭೆ ನಡೆಯುತ್ತದೆ; ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ನಡೆಯುವ ಸಭೆಗಳೂ ಉಂಟು. ಸ್ಥಳವೂ ವೇಳೆಯೂ ಬದಲಾಗುತ್ತಿರುವುದರಿಂದ ಮೊದಲು ಕರೆ ಮಾಡಿ ಹೊರಡುವುದು ಒಳ್ಳೆಯದು. 2020ರಿಂದೀಚೆಗೆ ಮೊಬೈಲಿನ ಮೂಲಕ ಕೂಡುವ ಸಭೆಗಳು ಬಹಳವಾಗಿವೆ. ಸಂಜೆಯ ಕೊನೆಯ ಬಸ್ಸಿನ ಚಿಂತೆಯಿರುವ ತಲಕಾಡಿನವನಿಗೂ ಹುಲ್ಲಹಳ್ಳಿಯವನಿಗೂ ಇದು ದೊಡ್ಡ ಅನುಕೂಲ.

ಮೂರನೆಯದು ನಮ್ಮ ನಾಡಿನಲ್ಲಿಯೇ ಬೆಳೆದದ್ದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ಸುಮಾರು ಒಂದು ವಾರದ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರ ಮುಗಿಸಿದವರನ್ನು ನವಜೀವನ ಸದಸ್ಯರೆಂದು ಕರೆದು, ಅವರನ್ನು ನವಜೀವನ ಸಮಿತಿಗಳಾಗಿ ಕೂಡಿಸುತ್ತಾರೆ. ಅವರು ಆಗಾಗ್ಗೆ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಎ.ಎ. ಸಭೆಯಲ್ಲಿ ಹೆಸರು ಗುಟ್ಟು. ಇಲ್ಲಿ ಊರೆಲ್ಲ ಬಲ್ಲದು. ಅಲ್ಲಿ ಗುಟ್ಟು ಕಾಪಾಡಿದರೆ, ಇಲ್ಲಿ ಊರಿನ ಕಣ್ಣು ಕಾಪಾಡುತ್ತದೆ. ಯಾರಿಗೆ ಯಾವುದು ಒಗ್ಗುತ್ತದೆಯೋ ಅದನ್ನು ಅವರು ಆರಿಸಿಕೊಳ್ಳಬಹುದು. ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಸಮೀಪದ ಶಿಬಿರ, ಸಮಿತಿಗಳ ವಿವರ ಸಿಕ್ಕುತ್ತದೆ.

ಇವಲ್ಲದೆ ಎರಡು ಟೆಲಿಫೋನ್ ಸಂಖ್ಯೆಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದಿಟ್ಟುಕೊಳ್ಳಬೇಕು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416. ಇದು ಹಗಲಿರುಳೂ ಉಚಿತ, ಕನ್ನಡದಲ್ಲಿ ಮಾತನಾಡಬಹುದು.

ದೂರದ ಲೆಕ್ಕವನ್ನೂ ಹಾಕಬೇಕು. ನರಸೀಪುರದಿಂದ ಮೈಸೂರಿಗೆ ತೊಂಬತ್ತು ದಿನ ತೊಂಬತ್ತು ಸಾರಿ ಹೋಗಿಬರುವುದೆಂದರೆ 5,400 ಕಿಲೋಮೀಟರು. ದಿನಗೂಲಿಯವನಿಗೆ ಇದು ಆಗದ ಮಾತು. ವಾರಕ್ಕೊಂದು ದಿನ ನಗರದ ಸಭೆ, ಉಳಿದ ದಿನ ಮೊಬೈಲಿನ ಸಭೆ ಅಥವಾ ಊರಿನಲ್ಲಿಯೇ ಬಿಟ್ಟಿರುವ ಒಬ್ಬನೊಡನೆ ಅರ್ಧ ಗಂಟೆಯ ಮಾತು, ಎಂದು ಹೊಂದಿಸಿಕೊಳ್ಳಬೇಕು. ಎ.ಎ. ಸಂಪ್ರದಾಯದ ಪ್ರಕಾರ ಬಿಡಬೇಕೆಂಬ ಇಚ್ಛೆಯುಳ್ಳ ಇಬ್ಬರು ಮೂವರು ಕುಳಿತರೆ ಅದೇ ಒಂದು ಗುಂಪು.

ಮನೆಯ ಮಕ್ಕಳಿಗೆ

ಕೊನೆಯದಾಗಿ, ಮನೆಯಲ್ಲಿ ಕುಡಿಯುವವರಿರುವ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ತಂದೆಯ ಕುಡಿತಕ್ಕೆ ನೀವು ಕಾರಣರಲ್ಲ. ನಿಮ್ಮ ಅಂಕಗಳಾಗಲಿ ನಡತೆಯಾಗಲಿ ಅದನ್ನು ತರಲಿಲ್ಲ, ಹೆಚ್ಚು ಅಂಕ ತೆಗೆದರೆ ಅದು ಹೋಗುವುದೂ ಇಲ್ಲ. ಅಮಲಿನಲ್ಲಿರುವವರೊಡನೆ ವಾದಿಸಬಾರದು. ಹಿಂದಿನ ಲೆಕ್ಕವನ್ನು ನೆನೆದು, ಕಿಂಡಿಯ ಸಾಲು ಕರಗುವವರೆಗೂ ಕಾದು, ಶಾಂತವಾದ ಹೊತ್ತಿನಲ್ಲಿ ಮಾತನಾಡಬೇಕು. ಆ ಮಾತೂ ಸಣ್ಣದಾಗಿರಲಿ: ಬಿಟ್ಟುಬಿಡು ಎನ್ನುವುದಕ್ಕಿಂತ, ಮಂಗಳವಾರ ಆಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ ಎನ್ನುವುದು ಮೇಲು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಅದನ್ನು ಮುಚ್ಚಿಡಬೇಕಾಗಿಲ್ಲ. ಹದಿನೆಂಟು ವರ್ಷದೊಳಗಿನವರು 1098ಕ್ಕೆ ಕರೆ ಮಾಡಬಹುದು.

ಮನೆಯವರಿಗೂ ಸಭೆಗಳುಂಟು. ಅಲ್‌ ಅನಾನ್ ಎಂಬ ಬಂಧುಗಳ ಕೂಟ 1951ರಲ್ಲಿ ರೂಪುಗೊಂಡಿತು. ಹದಿಹರೆಯದವರ ಅಲಟೀನ್ 1957ರಲ್ಲಿ. ಅದನ್ನು ಆರಂಭಿಸಿದವನು ತಂದೆತಾಯಿಯರು ಆಗಲೇ ಈ ಕೂಟಗಳಲ್ಲಿದ್ದ ಒಬ್ಬ ಹದಿಹರೆಯದ ಹುಡುಗ. ಕುಡಿಯುವವರು ಬಿಡಲಿ, ಬಿಡದಿರಲಿ, ಮನೆಯವರು ತಮ್ಮ ಬದುಕನ್ನು ನೆಟ್ಟಗೆ ಇಟ್ಟುಕೊಳ್ಳುವುದು ಈ ಕೂಟಗಳ ಉದ್ದೇಶ. ಹತ್ತಿರದಲ್ಲಿ ಅಂಥ ಕೂಟವಿಲ್ಲದಿದ್ದರೆ, ನಂಬಿಕೆಗೆ ಅರ್ಹರಾದ ಉಪಾಧ್ಯಾಯರೊಬ್ಬರಿಗೋ ಸಹಪಾಠಿಯೊಬ್ಬನಿಗೋ ವಿಷಯವನ್ನು ತಿಳಿಸಬಹುದು. ನಿಮ್ಮ ತರಗತಿಯಲ್ಲಿಯೇ ಇದೇ ಭಾರವನ್ನು ಹೊತ್ತ ಇನ್ನೊಬ್ಬರು ಇರುವ ಸಂಭವ ಬಹಳ. ಅವರೂ ನಿಮ್ಮಂತೆಯೇ ಸುಮ್ಮನಿರಬಹುದು. ಇಬ್ಬರು ಮಾತನಾಡಿಕೊಂಡರೆ ಸಭೆಗೆ ಬೇಕಾದ ಸಂಖ್ಯೆ ಭರ್ತಿಯಾಯಿತು.